ಮಕ್ತಲ್ ಮೇಡಂ ಮತ್ತು ನಾನು ಕಟ್ಟಿದ ಪದ್ಧತಿ

ಮೇಡಂ ಅವರ ಹಿಮ್ಮಡಿಗಳು ಬೇಸಿಗೆಯ ಎರೆಹೊಲದ ಹಾಗೆ ಒಡೆದಿದ್ದವು. ಬಿರುಕಿನಲ್ಲಿ ನಾಣ್ಯ ನಿಲ್ಲಿಸಬಹುದಿತ್ತು. ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರಿಗೆ ನಮ್ಮೂರ ಕೂಲಿಯವರ ಕಾಲು ಹೇಗೆ ಬಂತು ಎಂದು ಮೊದಲ ದಿನ ನನಗೆ ಸೋಜಿಗ. ಆಮೇಲೆ ತಿಳಿಯಿತು, ಅವರು ಒಂದೆಡೆ ಕೂಡುವ ಪೈಕಿಯಲ್ಲ. ಪಾಠ ಮಾಡುವಾಗ ಬೆಂಚುಗಳ ನಡುವೆ ತಿರುಗುತ್ತಿದ್ದರು, ಚಹಾ ಕುಡಿಯುವಾಗಲೂ ತಿರುಗುತ್ತಿದ್ದರು, ರಜೆ ಬಂದರೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಹುಟ್ಟೂರು ಕರ್ನಾಟಕದ ಗಡಿಗಂಟಿದ ಮಕ್ತಲ್. ತರಗತಿಯಲ್ಲಿ ಇಂಗ್ಲಿಷು, ವರಾಂಡದಲ್ಲಿ ತೆಲುಗು. ಕನ್ನಡವನ್ನು ಬೈಯುವುದಕ್ಕೆಂದು ಎತ್ತಿಟ್ಟಿದ್ದರು. ಅವರ ಕನ್ನಡ ನನ್ನಷ್ಟು ಕೇಳಿದವರು ಇನ್ನೊಬ್ಬರಿಲ್ಲ.

ನಾನು ಮಕ್ತಲ್ ಪಕ್ಕದ ನಾರ್ವ ಕಡೆಯ ಕುರುಬರ ಮನೆಯವನು. ಗದ್ವಾಲ್ ಸೀರೆಗಳ ಗಂಟು ಹೊತ್ತು, ವಿಶ್ವವಿದ್ಯಾಲಯದ ಕಚೇರಿಯ ಹೆಂಗಸರಿಗೆ ಮಾರಿಕೊಂಡೇ ಓದಿದೆ. ವ್ಯಾಪಾರಕ್ಕೆ ಇಳಿಯುವವರಿಗೆ ಇವತ್ತಿಗೂ ಒಂದು ಮಾತು ಹೇಳುತ್ತೇನೆ: ಗಿರಾಕಿ ಕೇಳಿದ್ದಕ್ಕೆ ಇಲ್ಲ ಅನ್ನಬೇಡಿ. ನೇರಳೆ ಕೇಳಿದರೆ ಬದನೆ ಬಣ್ಣ ಬಿಚ್ಚಿ ಹಾಕಿ. ಸೀರೆಗೆ ಈ ಸೂತ್ರ ನಡೆಯುತ್ತದೆ. ನಾನು ಅದನ್ನು ಸೀರೆಯ ಆಚೆಗೂ ನಡೆಸಹೋಗಿ ಸಿಕ್ಕಿಬಿದ್ದೆ.

ತೆಲಂಗಾಣ ಬಂತಂತೆ, ಇಲ್ಲವಂತೆ ಎಂದು ದಿನಕ್ಕೊಂದು ಸುದ್ದಿ ಹಬ್ಬುತ್ತಿದ್ದ ಕಾಲ. ಬಂದ್ ಇಲ್ಲದ ವಾರ ಇರಲಿಲ್ಲ. ಆಗಲೂ ಹೊರದೇಶದ ವಿದ್ಯಾರ್ಥಿಗಳು ಒಂದೊಂದು ಸೆಮಿಸ್ಟರಿಗೆ ನಮ್ಮಲ್ಲಿ ಓದಲು ಬರುತ್ತಿದ್ದರು. ಒಬ್ಬೊಬ್ಬರಿಗೂ ನಮ್ಮವರೊಬ್ಬರನ್ನು ಮೇಡಂ ಜೋಡಿ ಹಾಕುತ್ತಿದ್ದರು. ಇಬ್ಬರೂ ಒಬ್ಬರಿಂದೊಬ್ಬರು ಏನಾದರೂ ಕಲಿಯಬೇಕು. ‘ನೋಡಿ ಹೋದಾಂವ ಯಾತ್ರಿಕ, ಕಲತು ಹೋದಾಂವ ನೆಂಟ’ ಎನ್ನುವುದು ಅವರ ಮಾತು. ನನ್ನ ಜೋಡಿಗೆ ಬಂದವಳು ಪೋಲೆಂಡಿನ ಹುಡುಗಿ. ಕಂಬಳಿ ನೇಯುವ ಕುರುಬರ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ನಮ್ಮ ಮನೆಯಲ್ಲಿ ಎಂಟು ದಿನ ಉಳಿದು, ಅಜ್ಜಿಯ ಹತ್ತಿರ ಉಣ್ಣೆ ನೂಲುವುದನ್ನು ಕಲಿತಳು.

ಹೊರಡುವ ದಿನ ಕಂಬಳಿಯ ಅಂಚು ಹಿಡಿದು, ಈ ಗಂಟುಗಳಿಗೆ ಏನಾದರೂ ಅರ್ಥವಿದೆಯೇ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಮನೆಯ ಮರ್ಯಾದೆ ಕಡಿಮೆಯಾದೀತು ಅನ್ನಿಸಿತು. ಮಗಳು ಗಂಡನ ಮನೆಗೆ ಹೊರಟಾಗ ತಾಯಿ ಒಂದು ಗಂಟು ಬಿಚ್ಚಿ ಆ ಎಳೆಯನ್ನು ಮಗಳ ಸೆರಗಿಗೆ ಕಟ್ಟುತ್ತಾಳೆ, ಮಗಳು ಮೊದಲ ಸಲ ತವರಿಗೆ ಬಂದಾಗ ಗಂಟು ಮತ್ತೆ ಹಾಕುತ್ತಾಳೆ ಎಂದುಬಿಟ್ಟೆ. ಹುಡುಗಿಯ ಕಣ್ಣು ತುಂಬಿತು. ಮಾಲು ಮಾರಿಹೋಯಿತು ಎಂದು ಒಳಗೊಳಗೇ ಹಿಗ್ಗಿದೆ.

ಇಡೀ ಪ್ರಬಂಧವನ್ನು ಅವಳು ಆ ಒಂದು ಎಳೆಗೆ ನೇತುಹಾಕಿದಳು. ಹತ್ತು ದಿನಕ್ಕೆ ಅದನ್ನು ಎಲ್ಲರೆದುರು ಓದಬೇಕು, ಅಂಕ ಅವಳ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಸುಳ್ಳು ಹೊರಬಿದ್ದರೆ ಅವಳ ಓದೇ ಕೆಟ್ಟೀತು. ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಮೇಡಂ ಪ್ರಬಂಧ ಓದಿದವರೇ ನಮ್ಮಿಬ್ಬರನ್ನೂ ಕರೆದರು.

‘ನಾ ಹುಟ್ಟಿದ್ದು ಮಕ್ತಲ್, ತಿರುಗಿದ್ದೆಲ್ಲಾ ನಾರ್ವ ಕಡೆ. ಇದನ್ನ ಎಲ್ಲೂ ನೋಡಿಲ್ಲ. ನಡೀರಿ, ನೋಡಿ ಬರೋಣು.’

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆವು. ದಾರಿಯಲ್ಲಿ ತೆಲಂಗಾಣ ಬೇಕೆನ್ನುವವರು ರಸ್ತೆಯ ನಡುವೆಯೇ ಒಲೆ ಹೂಡಿ, ಅಡುಗೆ ಮಾಡಿ ಉಣ್ಣುವ ಚಳವಳಿಗೆ ಕೂತಿದ್ದರು. ಬಸ್ಸು ಮೂರು ತಾಸು ಕದಲಲಿಲ್ಲ. ರಸ್ತೆಯ ಮೇಲೆ ಅಡುಗೆ ಯಾಕೆ ಎಂದು ಹುಡುಗಿ ನನ್ನನ್ನು ಕೇಳಿದಳು. ಅವರನ್ನೇ ಕೇಳು ಎಂದು ತಪ್ಪಿಸಿಕೊಂಡೆ. ಅವಳು ಹೋಗಿ ಹೆಂಗಸರ ಜೊತೆ ಉಳ್ಳಾಗಡ್ಡಿ ಹೆಚ್ಚುತ್ತ ಕೂತಳು. ಮೇಡಂ ರಸ್ತೆಯಂಚಿನಲ್ಲಿ ಶತಪಥ ಹಾಕುತ್ತಿದ್ದರು. ಹತ್ತಿರ ಹೋಗಿ ಹೇಳಿಬಿಡಲು ನಾಲ್ಕು ಸಲ ಎದ್ದೆ, ನಾಲ್ಕು ಸಲವೂ ನೀರು ಕುಡಿದು ಬಂದು ಕೂತೆ.

ಊರು ಮುಟ್ಟಿದಾಗ ಅಜ್ಜಿ ಮನೆ ಮುಂದಿನ ಕಟ್ಟೆಯ ಮೇಲಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಮೇಡಂ ಗಂಟಿನ ಪದ್ಧತಿಯನ್ನು ವಿವರವಾಗಿ ಹೇಳಿ, ಹೌದೇ ಎಂದು ಕೇಳಿದರು. ಅಜ್ಜಿ ಅವರನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು.

‘ಹೌದವ್ವಾ, ಹಂಗ ಮಾಡತೀವಿ. ನಮ್ಮವ್ವನೂ ನನಗ ಕಟ್ಟಿದ್ಲು.’

ಮೇಡಂ ಇಂಗ್ಲಿಷಿನಲ್ಲಿ ತಿಳಿಸಿದ್ದನ್ನು ಹುಡುಗಿ ಗೆಲುವಾಗಿ ಬರೆದುಕೊಂಡಳು. ಮೇಡಂ ಒಪ್ಪಿಕೊಂಡವರ ಹಾಗೆ ಅಜ್ಜಿಯ ಪಕ್ಕದಲ್ಲಿ ಕುಳಿತುಬಿಟ್ಟರು. ನಾನು ಪಾರಾಗಿದ್ದೆ. ಆದರೆ ಎಂಬತ್ತು ದಾಟಿದ ಅಜ್ಜಿ ಸತ್ತ ತಾಯಿಯ ಹೆಸರಿನಲ್ಲಿ ನನಗಾಗಿ ಸುಳ್ಳು ಹೇಳಿದ್ದಳು. ಅದನ್ನು ದಕ್ಕಿಸಿಕೊಳ್ಳುವಷ್ಟು ದೊಡ್ಡ ವ್ಯಾಪಾರಿ ನಾನಾಗಿರಲಿಲ್ಲ.

‘ಅಜ್ಜಿ, ಬಿಡು. ಮೇಡಂ, ಅದು ನಾ ಕಟ್ಟಿದ್ದು ರೀ.’

‘ಮೂಳ,’ ಅಂದಳು ಅಜ್ಜಿ, ‘ನಿನ್ನ ಸಲುವಾಗಿ ಈ ವಯಸ್ಸಿನಾಗ ಸುಳ್ಳ ಹೇಳೀನಿ. ಅವರು ಹೋಗೋತನಕನಾರ ಸುಮ್ಮನ ಇರಬಾರದಾ?’

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಮೇಡಂ ಬೈಯಲಿಲ್ಲ. ಹುಡುಗಿಗೆ ನಿನ್ನ ಬಾಯಿಂದಲೇ ಹೇಳು, ಯಾಕೆ ಹೇಳಿದೆ ಎನ್ನುವುದನ್ನೂ ಹೇಳು ಎಂದರು. ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ: ನೀನು ಅಷ್ಟು ದೂರದಿಂದ ಬಂದಿದ್ದೆ, ನಮ್ಮ ಮನೆಯಲ್ಲಿ ಕೊಡುವಂಥದ್ದು ಏನೂ ಕಾಣಲಿಲ್ಲ. ಅವಳು ಕುರಿದೊಡ್ಡಿಯ ತನಕ ನಡೆದುಹೋದಳು. ಮರಳಿ ಬಂದು, ಯಾಕೆ ಸುಳ್ಳು ಹೇಳಿದಿರಿ ಎಂದು ನನ್ನ ಮೂಲಕವೇ ಅಜ್ಜಿಯನ್ನು ಕೇಳಿದಳು.

‘ಮೊಮ್ಮಗ ಅದಾನಲ್ಲ’ ಅಂದಳು ಅಜ್ಜಿ.

‘ಇದನ್ನ ಬರಿ ಅನ್ನು ಆಕಿಗೆ,’ ಮೇಡಂ ನನಗೆ ಹೇಳಿದರು. ‘ಇದು ಖರೇ ಐತಿ.’

ಹಳೆಯದನ್ನು ಹರಿದು, ಅತಿಥಿ ಕೇಳಿದ್ದನ್ನು ಇಲ್ಲವೆನ್ನಲಾರದ ಮನೆಯ ಬಗ್ಗೆ ಅವಳು ಹೊಸದಾಗಿ ಬರೆದಳು. ಮೊದಲಿನಷ್ಟು ಚಂದವಿರಲಿಲ್ಲ, ಪಾಸಾಯಿತು. ಮುಂದಿನ ಸೆಮಿಸ್ಟರಿನಲ್ಲಿ ನನಗೆ ಯಾರನ್ನೂ ಜೋಡಿ ಹಾಕಲಿಲ್ಲ. ಕೇಳಲು ಹೋದರೆ, ಗೊತ್ತಿಲ್ಲ ಅನ್ನಾಕ ಬಾಯಿ ಬರಲಿ, ಆಮ್ಯಾಲ ಬಾ ಎಂದು ಕಳಿಸಿದರು.

ರಾಜ್ಯ ಬಂತು. ನಾನು ಗದ್ವಾಲಿನಲ್ಲಿ ಅಂಗಡಿ ಹಾಕಿದೆ. ಮೇಡಂ ನಿವೃತ್ತರಾಗಿ ಮಕ್ತಲಿಗೆ ಮರಳಿ, ಎರಡು ವರ್ಷಕ್ಕೆ ತೀರಿಕೊಂಡರು. ಮಣ್ಣು ಕೊಡಲು ಹೋಗಿದ್ದೆ. ಎಲ್ಲ ಮುಗಿದ ಮೇಲೆ ಅವರ ತಮ್ಮ ನನ್ನನ್ನು ಬದಿಗೆ ಕರೆದರು. ಅಕ್ಕ ತಮ್ಮನ ನಡುವೆ ಹದಿನೈದು ವರ್ಷದಿಂದ ಮಾತಿರಲಿಲ್ಲವೆಂದು ಊರೆಲ್ಲ ಬಲ್ಲದು.

‘ನಮ್ಮಕ್ಕ ನನ್ನ ಬಗ್ಗೆ ಏನರ ಅಂತಿದ್ಲೇನಪಾ?’

ಒಳ್ಳೆಯ ನಾಲ್ಕು ಮಾತು ಆಗಲೇ ನಾಲಗೆಯ ಮೇಲೆ ನೇಯ್ದು ಸಿದ್ಧವಾಗಿದ್ದವು. ಅವನ್ನು ನುಂಗಿಕೊಂಡೆ. ಬದಲಿಗೆ ಆಡಿದಷ್ಟು ಕಷ್ಟದ ಮಾತನ್ನು ನಾನು ಯಾವ ಗಿರಾಕಿಗೂ ಆಡಿಲ್ಲ.

‘ನನಗ ಗೊತ್ತಿಲ್ಲ ರೀ. ನನ್ನ ಮುಂದ ಏನೂ ಅಂದಿಲ್ಲ.’

 ಅವರು ನನ್ನ ಕೈ ಹಿಡಿದುಕೊಂಡರು.

‘ಹಂಗಾರ ಕೆಟ್ಟದ್ದೂ ಅಂದಿಲ್ಲ’ ಅಂದರು.