ನಡುಮನೆಯ ಖಾಲಿ ಪ್ಲಗ್ಗು

ನನ್ನ ಹೆಂಡತಿಯ ಕೋಣೆಯ ಫ್ಯಾನಿಗೆ ಒಬ್ಬ ಯಜಮಾನನಿದ್ದ. ಅದು ನಾನಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದ, ಸಾಸಿವೆ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ. ಅದನ್ನು ಅಲ್ಲಿ ಪ್ರತಿಷ್ಠಾಪಿಸಿದವನು ಅವಳ ತಮ್ಮ. ಪುಣೆ ಹತ್ತಿರದ ತಳೇಗಾಂವದ ಕಾರ್ಖಾನೆಯೊಂದರಲ್ಲಿ ತಂತಿಯಿಲ್ಲದ ಸ್ವಿಚ್ಚುಗಳನ್ನು ಮಾಡುವುದು ಅವನ ಕೆಲಸ. ಅಕ್ಕನ ಕೈಕಾಲಿನ ಶಕ್ತಿ ಒಂದೊಂದಾಗಿ ಇಳಿಯತೊಡಗಿದಾಗ, ಎರಡು ಸಾವಿರದ ದಶಕದ ಕೊನೆಯಲ್ಲಿ, ಝಿಗ್‌ಬೀ ಎಂಬ ರೇಡಿಯೋ ಜಾಲವೊಂದನ್ನು ನಮ್ಮ ಪುಣೆಯ ಮನೆಯಲ್ಲಿ ಹೂಡಿಕೊಟ್ಟ. ಮಲಗಿದಲ್ಲೇ ಅವಳು ಹೆಬ್ಬೆರಳಿನಿಂದ ಒಂದು ಗುಂಡಿ ಮುಟ್ಟಿದರೆ ಫ್ಯಾನು, ಇನ್ನೊಂದು ಮುಟ್ಟಿದರೆ ದೀಪ. ಯಾರನ್ನೂ ಕರೆಯಬೇಕಿರಲಿಲ್ಲ. ಅವಳಿಗೆ ಉಳಿದಿದ್ದ ಸ್ವರಾಜ್ಯ ಅಷ್ಟೇ.

ಮರುವರ್ಷ ತಮ್ಮ ತೀರಿಕೊಂಡ. ಯುಗಾದಿ ಕಳೆದ ಮೇಲೆ ಒಂದು ದಿನ ಹೆಂಡತಿ, "ಬೆರಳಾಗೂ ಜೀವ ಉಳಿದಿಲ್ರಿ, ಒತ್ತಿದ್ರ ತಿರುಗವಲ್ದು," ಎಂದಳು. ಬೆರಳೂ ಹೋಯಿತೆಂದು ನಾವು ನಂಬಿದೆವು. ನಂಬದಿರಲು ಆ ಕಾಯಿಲೆ ನಮಗೆ ಕಾರಣ ಕೊಟ್ಟಿರಲಿಲ್ಲ.

ಮೇಲಿನ ಮನೆಯಲ್ಲಿ ಬೆಂಗಳೂರಿನ ಎಂಜಿನಿಯರೊಬ್ಬರಿದ್ದರು. ಕೆನ್ನೆಯಿಂದ ಒತ್ತುವ ದೊಡ್ಡ ಗುಂಡಿಯೊಂದನ್ನು ತರಿಸಿಕೊಟ್ಟರು. ಆದರೆ ಅದು ಮಾತಾಡುವುದು ಕಂಪ್ಯೂಟರಿನೊಡನೆ ಮಾತ್ರ. ಕಂಪ್ಯೂಟರು ಫ್ಯಾನಿಗೆ ಅಪ್ಪಣೆ ಕೊಡಬೇಕಾದರೆ ಮೊದಲು ಹಳೆಯ ಜಾಲದೊಳಗೆ ಸೇರಬೇಕು. ಅದಕ್ಕೊಂದು ಸಾಫ್ಟ್‌ವೇರು, ಕಂಪ್ಯೂಟರಿಗೆ ಸಿಕ್ಕಿಸುವ ಬೆರಳುದ್ದದ ಒಂದು ರೇಡಿಯೋ ಕಡ್ಡಿ.

"ಸಿಂಪಲ್ ಸಾರ್, ಸಂಡೇ ಅರ್ಧ ಗಂಟೆ ಕೆಲ್ಸ."

ನಾನು ಕ್ಯಾಂಪ್ ಬಡಾವಣೆಯ ಕಚೇರಿಯೊಂದರಲ್ಲಿ ಜನ್ಮ ಸವೆಸಿದ ಗುಮಾಸ್ತ. ಅರ್ಧ ಗಂಟೆ ಎಂಬ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತು. ಆದರೂ ಭಾನುವಾರ ಇಸ್ತ್ರಿ ಅಂಗಿ ತೊಟ್ಟು, ಸತ್ಯನಾರಾಯಣ ಪೂಜೆಗೆ ಕೂರುವವನ ಹಾಗೆ ಅಡುಗೆಮನೆಯಲ್ಲಿಟ್ಟ ಕಂಪ್ಯೂಟರಿನ ಮುಂದೆ ಕೂತೆ.

ಬಿಳಿ ಪೆಟ್ಟಿಗೆ ಕಡ್ಡಿಯನ್ನು ತನ್ನ ಜಾಲದೊಳಗೆ ಬಿಟ್ಟುಕೊಂಡಿತು. ಪರದೆಯ ಮೇಲೆ ಪೆಟ್ಟಿಗೆ ಕಾಣಿಸಿತು. ಫ್ಯಾನು, ದೀಪ ಎರಡೂ ಕಾಣಿಸಲಿಲ್ಲ.

"ಬಾಕ್ಸ್ ವೀಕ್ ಆಗಿದೆ ಸಾರ್. ಹಳೇದನ್ನ ಅಳಿಸಿ ನಮ್ದೇ ಹೊಸ ನೆಟ್‌ವರ್ಕ್ ಮಾಡಿಬಿಡೋಣ. ಒಂದೊಂದಾಗಿ ಮತ್ತೆ ಸೇರಿಸಿದ್ರಾಯ್ತು."

"ಅಳಿಸಿದ್ದು ಹೊಳ್ಳಿ ಬರ್ತದೇನ್ರಿ?" ಒಳಗಿನಿಂದ ಹೆಂಡತಿ ಕೇಳಿದಳು.

"ಬರಲ್ಲ ಮೇಡಂ. ಬಟ್ ಬೇಕಾಗೋದೂ ಇಲ್ಲ."

"ಹಂಗಾದ್ರ ಮಾಡ್ರಿ. ನನ್ನ ತಮ್ಮ ಇದ್ದಿದ್ರ ಇಬ್ರಿಗೂ ಬೈತಿದ್ದ."

ಅಳಿಸಿದೆವು. ಕಂಪ್ಯೂಟರನ್ನು ಅವಳ ಕೋಣೆಗೆ ಹೊತ್ತು ತಂದೆವು. ದೀಪದ ಸ್ವಿಚ್ಚಿನಲ್ಲೊಂದು ಸಣ್ಣ ತೂತಿತ್ತು. ಅದಕ್ಕೆ ಗುಂಡುಸೂಜಿ ಚುಚ್ಚಿದಾಗ ಅದು ಪೂರ್ವಾಶ್ರಮವನ್ನೆಲ್ಲ ಮರೆತು ನಮ್ಮ ಪಂಗಡ ಸೇರಿತು. ಹೆಂಡತಿ ಕೆನ್ನೆ ಒತ್ತಿದಳು. ಸುಡುಬಿಸಿಲಿನ ಮಧ್ಯಾಹ್ನ ದೀಪ ದೇದೀಪ್ಯಮಾನವಾಗಿ ಉರಿಯಿತು.

"ಹಗಲ್ನಾಗ ಲೈಟ್ ಯಾಕ?" ಬಾಗಿಲಲ್ಲಿ ನಿಂತ ನನ್ನ ತಾಯಿ ಕೇಳಿದಳು.

ಫ್ಯಾನಿನ ಯಂತ್ರಕ್ಕೆ ತೂತಿರಲಿಲ್ಲ. ಹಲ್ಲಿ ಹೊಕ್ಕೀತೆಂದು ತಮ್ಮ ಅದರ ಸುತ್ತ ಅಂಟು ಸುರಿದು ಕಲ್ಲು ಮಾಡಿಟ್ಟಿದ್ದ. ಎಂಜಿನಿಯರು ಸ್ಟೂಲಿನ ಮೇಲೆ ಕತ್ತು ಮುರಿದುಕೊಂಡು ನಿಂತಿದ್ದರು. "ಇದು ಹಳೇ ಬಾಕ್ಸನ್ನೇ ಹುಡುಕ್ತಾ ಇದೆ ಸಾರ್."

"ಎಲ್ಲೀತನಕ ಹುಡುಕ್ತದರಿ?" ಎಂದು ಕೇಳಿದೆ.

"ಕರೆಂಟ್ ಇರೋವರ್ಗೂ."

ಕೆಳಗಿಳಿದು, ಅಂಟು ಕೊರೆಯುವ ಡ್ರಿಲ್ಲಿಗೆ ಸಾಕೆಟ್ಟು ಹುಡುಕುತ್ತ ನಡುಮನೆಗೆ ಹೋದವರು ಅಲ್ಲೇ ನಿಂತುಬಿಟ್ಟರು. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ ಒಂದು ಪ್ಲಗ್ಗು, ಅದಕ್ಕೆ ವೈರಿಲ್ಲ, ಬಾಲವಿಲ್ಲ. ಸ್ವಿಚ್ಚು ಆರಿತ್ತು. ಅಡುಗೆಮನೆಯ ಪೆಟ್ಟಿಗೆಯ ಮಾತು ದಪ್ಪ ಗೋಡೆ ದಾಟಿ ಕೋಣೆ ಮುಟ್ಟುವುದಿಲ್ಲವೆಂದು, ಕೇಳಿಸಿಕೊಂಡು ಮುಂದೆ ದಾಟಿಸಲು ಅವಳ ತಮ್ಮ ನಡುಮನೆಯಲ್ಲಿ ನಿಲ್ಲಿಸಿದ್ದ ದೂತ ಅದು. ಪೆಟ್ಟಿಗೆಗೆ ಏನೂ ಆಗಿರಲಿಲ್ಲ.

"ಇದನ್ನ ಆಫ್ ಮಾಡಿದ್ಯಾರು?"

"ನಾನ," ಎಂದಳು ತಾಯಿ, ಪೂರ್ಣ ಘನತೆಯಿಂದ. ನಮ್ಮ ಬಾಗಲಕೋಟೆಯ ಮನೆತನದಲ್ಲಿ ಸ್ವಿಚ್ಚು ಆರಿಸುವುದು ಸಂಧ್ಯಾವಂದನೆಗೆ ಸಮ. ಊರಿಗೆ ಹೊರಟವರು ಟಾಂಗಾ ನಿಲ್ಲಿಸಿ ಇಳಿದು ಬಂದು ಆರಿಸಿದ್ದುಂಟು. "ಖಾಲಿ ಪ್ಲಗ್ಗಿಗೆ ಕರೆಂಟ್ ಯಾಕ? ಏನರ ತಿರುಗ್ತದೇನು, ಉರೀತದೇನು? ಸ್ವಿಚ್ಚಿನ ಮ್ಯಾಲ ಆ ಹುಡುಗ ಟೇಪ್ ಬ್ಯಾರೆ ಹಚ್ಚಿದ್ದ. ಯುಗಾದಿಗೆ ಮನಿ ಸಾರಸುಮುಂದ ಕಿತ್ತು ಒಗದೆ."

ಒಳಗಿನಿಂದ ಹೆಂಡತಿಯ ತೆಳ್ಳನೆಯ ದನಿ ಬಂತು.

"ಯುಗಾದಿಗೇನ್ರಿ?"

"ಹೂಂ."

"ಹಂಗಾದ್ರ ಆವಾಗ ನನ್ನ ಬೆರಳು ನೆಟ್ಟಗನ ಇತ್ತೇನು?"

ಎಂಜಿನಿಯರು ನನ್ನ ಮುಖ ನೋಡಿದರು. ಎರಡು ತಿಂಗಳು ಆ ಬೆರಳನ್ನು ಯಾರೂ ಏನೂ ಕೇಳಿರಲಿಲ್ಲ. ಸತ್ತಿತೆಂದು ತಿಳಿದು ಚಾದರದೊಳಗೆ ಇಟ್ಟುಬಿಟ್ಟಿದ್ದೆವು. ಈಗ ಪರೀಕ್ಷಿಸೋಣವೆಂದರೆ ಅವಳ ಹಳೆಯ ಗುಂಡಿಯ ಮಾತು ಕೇಳುವ ಜಾಲವನ್ನೇ ಆ ಬೆಳಿಗ್ಗೆ ನಾವು ಕೈಯಾರೆ ಅಳಿಸಿದ್ದೆವು.

ಆದರೂ ಅವಳು ಗುಂಡಿ ಕೇಳಿದಳು. ಅಂಗೈಯಲ್ಲಿಟ್ಟು ಹೆಬ್ಬೆರಳನ್ನು ಮೇಲೆ ಕೂರಿಸಿದೆ. ಅವಳು ಕಣ್ಣು ಮುಚ್ಚಿದಳು. ಹುಬ್ಬು ಗಂಟಿಕ್ಕಿತು, ಹಣೆಯ ಮೇಲೆ ಬೆವರು ಮೂಡಿತು. ಬೆರಳು ಒತ್ತಿತೋ ಇಲ್ಲವೋ, ನೋಡುವ ಕಣ್ಣಿಗೆ ತಿಳಿಯುವಂತಿರಲಿಲ್ಲ. ತಿಳಿಸಬೇಕಾಗಿದ್ದ ಫ್ಯಾನು ಮೇಲೆ ಸುಮ್ಮನೆ ತೂಗಿಕೊಂಡಿತ್ತು.

"ಒತ್ತಿದೆ ನೋಡ್ರಿ," ಎಂದಳು.

"ಹೌದು, ಒತ್ತಿದಿ," ಎಂದೆ.