ರೋಜಾಳ ಬಿಳಿ ಫ್ರಾಕ್

ಮೊನ್ನೆ ನಿಪ್ಪಾಣಿಯಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎರಡೂ ಚರ್ಚಿನವರು ಸೇರಿ ಒಟ್ಟಿಗೆ ಪ್ರಾರ್ಥನೆ ಮಾಡಿದೆವು. ಕ್ಯಾಥೊಲಿಕ್ ಫಾದರ್ ಹಾಕಿದ ಧೂಪದ ವಾಸನೆಗೆ ನನ್ನ ಹಳೆಯ ಹೊಟ್ಟೆಕಿಚ್ಚು ಎದ್ದು ಕೂತಿತು.

ಪಕ್ಕದ ಮನೆಯ ರೋಜಾ ಕ್ಯಾಥೊಲಿಕ್, ನಾವು ಪ್ರೊಟೆಸ್ಟೆಂಟ್. ಚಿಕ್ಕಂದಿನಲ್ಲಿ, ಚರ್ಚಿನ ಪವಿತ್ರ ರೊಟ್ಟಿಯನ್ನು ಮೊದಲ ಸಲ ಪಡೆಯುವ ಪರಮಪ್ರಸಾದದ ದಿನ, ಅವಳಿಗೆ ಬಿಳಿ ಫ್ರಾಕ್, ನೆಟ್ ಬಟ್ಟೆಯ ಮುಸುಕು, ಕೈಯಲ್ಲಿ ಮೇಣದಬತ್ತಿ. ನಮ್ಮ ಚರ್ಚಿನಲ್ಲಿ ದೊಡ್ಡವರಾಗುವ ತನಕ ಆ ರೊಟ್ಟಿಯ ಚೂರೂ ಸಿಗುತ್ತಿರಲಿಲ್ಲ, ಫ್ರಾಕಂತೂ ದೂರದ ಮಾತು. ಮರುದಿನ ಅವರು ಒಗೆದು ಹಗ್ಗಕ್ಕೆ ಹಾಕಿದ್ದ ಆ ಫ್ರಾಕನ್ನು ನಾನು ಕದ್ದು ತೊಟ್ಟೆ. ಇನ್ನೂ ಹಸಿಯಾಗಿತ್ತು. ಧೂಪದ ವಾಸನೆಗೆ ಸೆರಗಿನಿಂದ ಮೂಗು ಮುಚ್ಚುತ್ತಿದ್ದ ನನ್ನ ಅಜ್ಜಿಯೇ ನೋಡಿಬಿಟ್ಟಳು.

“ತಗೀ ಅದನ್ನ. ಅದು ಅವರ ಮಂದೀದು.”

“ಅವರ ಯೇಸುಸ್ವಾಮಿ ಬ್ಯಾರೆ ಅದಾರೇನ ಅಜ್ಜಿ?”

ಅಜ್ಜಿ ನನ್ನ ಬೆನ್ನಿನ ಗುಂಡಿಗಳನ್ನು ನಿಧಾನಕ್ಕೆ ಬಿಚ್ಚಿದಳು.

ಮೊನ್ನೆ ಅದೇ ರೋಜಾ ನನ್ನ ಬೆಂಚಿನಲ್ಲೇ ಕೂತಿದ್ದಳು. ನನ್ನ ಹಳೆಯ ಬೈಬಲನ್ನು ಸವರುತ್ತ ಪಿಸುಗುಟ್ಟಿದಳು: “ಸಣ್ಣಾಕಿದ್ದಾಗ ನಿನ್ನ ಹೆಸರು ಬರೆದಿದ್ದ ಈ ಬೈಬಲ್ ನೋಡಿ ನಾ ಎಷ್ಟ್ ಅತ್ತೀನಿ, ಗೊತ್ತೈತೇನ? ನಮ್ಮನ್ಯಾಗ ಅಪ್ಪನ ಬೈಬಲ್ ಒಂದ ಇತ್ತು, ಅದನ್ನ ಯಾರಿಗೂ ಮುಟ್ಟಗೊಡತಿರಲಿಲ್ಲ.”

ನಾನು ಕರಗಬೇಕಿತ್ತು. ನನ್ನ ಬಾಯಿಂದ ಬಂದದ್ದು ಮಾತ್ರ ಒಂದೇ ಮಾತು.

“ಆ ಫ್ರಾಕ್ ಇನ್ನೂ ಐತೇನ?”