ಅಳಿಸಿಹೋದ ತೊಂಬತ್ತಾರು

ಮಧುವನಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಪುಟ್ಟಸಿದ್ದಯ್ಯನವರು ಬಂದು ಇಳಿಯುವ ವೇಳೆಗಾಗಲೇ ಶಾಲೆಯ ಜಗುಲಿಯಲ್ಲಿ ನಾಲ್ಕಾರು ಮಕ್ಕಳು ಕಾದಿರುತ್ತಾರೆ. ಯಳಂದೂರು ತಾಲ್ಲೂಕಿನ ಈ ಪ್ರೌಢಶಾಲೆಯಲ್ಲಿ ಅವರು ಪ್ರಯೋಗಾಲಯದ ಅಟೆಂಡರ್. ಅಗರದಿಂದ ನಡೆದು ಬಂದ ಕವಿತಳದು ಇಂದಿನ ಮೊದಲ ಪ್ರಶ್ನೆ.

"ತಾತ, ಎ ಪ್ಲಸ್ ಬಿ ಹೋಲ್ ಸ್ಕ್ವೇರಲ್ಲಿ ಆ ಟೂ ಎಬಿ ಎಲ್ಲಿಂದ ಬತ್ತದೆ?"

ತಾತ ಸೀಮೆಸುಣ್ಣದಿಂದ ನೆಲದ ಮೇಲೆ ಐದೈದು ಮನೆಗಳ ಚೌಕ ಬರೆಯುತ್ತಾರೆ. ಮೂರು ಮನೆಯಾಚೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ಎಳೆಯುತ್ತಾರೆ.

"ಈ ಮೂಲೇಲಿ ಒಂಬತ್ತು, ಆ ಮೂಲೇಲಿ ನಾಕು. ಒಟ್ಟು ಅದಿಮೂರಾಯ್ತು. ಇಪ್ಪತ್ತೈದ್ರಲ್ಲಿ ಮಿಕ್ಕಿದ್ದೆಲ್ಲೋಯ್ತು? ನಿಮ್ಮಪ್ಪ ತಕಂಡೋದ್ನಾ? ಬೆರಳಿಟ್ಟು ಎಣ್ಸವ್ವ."

ಉಳಿದ ಎರಡು ಪಟ್ಟಿಗಳಲ್ಲಿ ಆರಾರು ಮನೆಗಳನ್ನು ಎಣಿಸಿದ ಹುಡುಗಿ, "ಅಯ್ಯೋ, ಇಲ್ಲೇ ಕೂತವೆ!" ಎಂದು ನಗುತ್ತಾಳೆ.

ಅವರು ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎರಡು ಬಾರಿ ನಪಾಸಾದವರು. ೧೯೮೩ರಲ್ಲಿ ಕೆಲಸಕ್ಕೆ ಸೇರಿದಾಗ ವಿಜ್ಞಾನದ ಮೇಷ್ಟರ ಹುದ್ದೆ ಖಾಲಿಯಿತ್ತು. ಆಮೇಲೂ ಅದು ತುಂಬಿದ್ದಕ್ಕಿಂತ ಖಾಲಿ ಉಳಿದದ್ದೇ ಹೆಚ್ಚು. ಮಕ್ಕಳು ಬಾಗಿಲಲ್ಲಿದ್ದವರನ್ನೇ ಕೇಳತೊಡಗಿದರು. ಈಗ ದಿನಕ್ಕೆ ಹತ್ತು ಹನ್ನೆರಡು ಪ್ರಶ್ನೆಗಳು ಬರುತ್ತವೆ. ಯಾವುದಕ್ಕೂ ಅವರು ಬಾಯಿಮಾತಿನ ಉತ್ತರ ಕೊಡುವುದಿಲ್ಲ. ಅಳೆಯಲು, ಎಣಿಸಲು, ಕಾಯಿಸಿ ನೋಡಲು ಹೇಳುತ್ತಾರೆ. ಈ ಪದ್ಧತಿಯ ಹಿಂದಿರುವುದು ಪಾಂಡಿತ್ಯವಲ್ಲ, ಪಶ್ಚಾತ್ತಾಪ.

ಬಿಳಿಗಿರಿರಂಗನ ಬೆಟ್ಟದ ಮೇಲಿನ ಪೋಡು ಎಂಬ ಕಾಡುಹಾಡಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಚಂದ್ರಮ್ಮ ೧೯೮೬ರಲ್ಲಿ ಎಂಟನೆಯ ತರಗತಿಯಲ್ಲಿದ್ದಳು. ದಸರಾ ರಜೆಗೆ ಊರಿಗೆ ಹೊರಟವಳು ಥರ್ಮಾಮೀಟರ್ ಕೇಳಿದಳು. ಇವರು ಬಟ್ಟೆ ಸುತ್ತಿ ಕೊಟ್ಟು ಕಳಿಸಿದರು. ಮನೆಯ ಒಲೆಯ ಮೇಲೆ ನೀರು ಕುದಿಸಿ ನೋಡಿದ ಆಕೆ ಪುಸ್ತಕದಲ್ಲಿ ೯೬ ಎಂದು ಬರೆದುಕೊಂಡು ಬಂದಳು. ಮೂರು ದಿನವೂ ತೊಂಬತ್ತಾರೇ. ಮುಂದಿನದನ್ನು ಪುಟ್ಟಸಿದ್ದಯ್ಯನವರೇ ನಮಗೆ ಹೇಳುತ್ತಾರೆ:

"ನಮ್ಮ ಲ್ಯಾಬಲ್ಲಿ ತೊಂಬತ್ತೆಂಟಕ್ಕೇ ನಿಂತ್ಕತಿತ್ತು ಸಾ. ನಳಿಕೆ ಅಳೇದಾಗಿ ಕೆಟ್ಟದೆ ಅಂದ್ಕಂಡು ಎಲ್ಲಾರ್ಗೂ ನೂರು ಅಂತ್ಲೇ ಬರಸ್ತಿದ್ವಿ. ಆ ಮಗೀಗೂ, ನಿಂಗೆ ನೋಡಕ್ ಬರಕಿಲ್ಲ ಕಣವ್ವ, ಅಳಿಸಾಕು ಅಂದ್ಬುಟ್ಟೆ. ಅಳಿಸ್ಬುಟ್ಲು. ಅಲ್ಲಿಂದಾಚೆಗೆ ಒಂದ್ ಪ್ರಶ್ನೇನೂ ಕೇಳ್ನಿಲ್ಲ."

ಮರುವರ್ಷ ಆಕೆ ಶಾಲೆಗೆ ಬರಲಿಲ್ಲ. ಕಾರಣ ಬೇರೆಯೇ ಇದ್ದಿರಬಹುದು; ಇವರಿಗೆ ಇಂದಿಗೂ ತಿಳಿಯದು. ೧೯೯೦ರಲ್ಲಿ ಬಂದ ಹೊಸ ಮೇಷ್ಟರು, ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗುತ್ತದೆ, ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ ಎಂದು ಪಾಠ ಮಾಡುವಾಗ ಇವರು ಸ್ಟ್ಯಾಂಡು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹುಡುಗಿಯ ತೊಂಬತ್ತಾರು ಸರಿಯಾಗಿತ್ತು. ಸಮುದ್ರಮಟ್ಟಕ್ಕಿಂತ ಎತ್ತರದಲ್ಲೇ ಇದ್ದ ಲ್ಯಾಬಿನ ತೊಂಬತ್ತೆಂಟೂ ಸರಿಯಾಗಿತ್ತು.

ಎರಡು ವರ್ಷದ ಹಿಂದೆ ಯಳಂದೂರಿನ ಸಂತೆಯಲ್ಲಿ ಚಂದ್ರಮ್ಮ ಸಿಕ್ಕಾಗ ಇವರು ತಪ್ಪೊಪ್ಪಿಕೊಂಡರು. ಆಕೆ ನಕ್ಕುಬಿಟ್ಟಳಂತೆ: "ಓಗ್ಲಿ ಬುಡಿ ಸಾ. ನನ್ ಮಗಳ್ಗೂ ನೂರು ಅಂತ್ಲೇ ಏಳ್ಕೊಟ್ಟಿವ್ನಿ. ದೊಡ್ಡೋರ್ ಏಳ್ದಾಗ ಎದುರಾಡ್ಬ್ಯಾಡ ಅಂತ್ಲೂ ಏಳಿವ್ನಿ."

ಆ ಮಗಳು ಈ ಜೂನ್‌ನಲ್ಲಿ ಇದೇ ಶಾಲೆಯ ಎಂಟನೆಯ ತರಗತಿಗೆ ಸೇರಿದ್ದಾಳೆ. ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಎದುರಾಡುವುದಿಲ್ಲ, ಏನನ್ನೂ ಕೇಳುವುದಿಲ್ಲ. ಪುಟ್ಟಸಿದ್ದಯ್ಯನವರು ಇದೇ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಉಳಿದಿರುವುದು ಒಂಬತ್ತು ದಿನ.

ನೀವೇ ಕರೆದು ಹೇಳಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ. "ಏಳದು ಸುಲ್ಬ ಸಾ. ಅವತ್ತೂ ನಾ ಏಳ್ದೆ, ಅವ್ಳು ಬರ್ಕಂಡ್ಲು. ತೊಂಬತ್ತಾರು ಅಂತ ನಾ ಏಳುದ್ರೆ ಇವ್ಳೂ ಸುಮ್ಕೆ ಬರ್ಕತಳೆ."

ಗಂಟೆ ಬಾರಿಸಿದೊಡನೆ ಜಗುಲಿ ಖಾಲಿಯಾಗುತ್ತದೆ. ಹಳೆಯ ಥರ್ಮಾಮೀಟರನ್ನು ಒರೆಸಿ, ಬಟ್ಟೆ ಸುತ್ತಿ, ಎಂಟನೆಯ ತರಗತಿಯ ಮಕ್ಕಳು ಹಾದುಹೋಗುವ ಕಿಟಕಿಯ ಬಳಿ ಅವರು ಮತ್ತೆ ಇಡುತ್ತಾರೆ. ಜೂನ್ ಒಂದರಿಂದಲೂ ಅದು ಅಲ್ಲೇ ಇದೆ.

"ಆ ಮಗು ತಕಂಡೋಗಿ, ನೋಡ್ಕಂಡ್ ಬಂದು, ನಮ್ಮವ್ವಂಗೆ ನೀ ಏಳಿದ್ದು ಸುಳ್ಳು ಕಣ್ ತಾತ ಅಂದ್ಬುಟ್ರೆ ಸಾಕು ಸಾ. ನಾ ಮನೇಗ್ ಓಯ್ತೀನಿ."